ಮೈನ್ ಸ್ವಿಚ್ ಯಾರ ಕೈಗೆ ಸಿಗಬೇಕು?

ಹೊಸ ಮನೆ ಕಟ್ಟುವ ಕುಟುಂಬಗಳಲ್ಲಿ ನಡೆಯುವ ಚರ್ಚೆಗಳನ್ನು ನೀವು ಕೇಳಿರುತ್ತೀರಿ. ನೆಲಕ್ಕೆ ಗ್ರಾನೈಟ್ ಹಾಸಬೇಕೋ ಟೈಲ್ಸ್ ಸಾಕೋ, ಮುಂಬಾಗಿಲಿಗೆ ತೇಗವೋ ಹಲಸೋ, ಸಿಟ್‌ಔಟ್‌ಗೆ ಎರಡು ಕಂಬವೋ ನಾಲ್ಕೋ ಎಂದು ತಿಂಗಳುಗಟ್ಟಲೆ ಮಾತುಕತೆ ನಡೆಯುತ್ತದೆ. ಗಲ್ಫ್‌ನಲ್ಲಿರುವ ಗಂಡಸರು ಕೆಲಸ ಮುಗಿಸಿ ಬಂದು ರಾತ್ರಿ ಫೋನಿನಲ್ಲಿ ಗೋಡೆಯ ಬಣ್ಣದ ಬಗ್ಗೆ ಅಭಿಪ್ರಾಯ ಹೇಳುತ್ತಾರೆ. ಆದರೆ ಕರೆಂಟಿನ ಡಿ.ಬಿ. ಬಾಕ್ಸನ್ನು ಎಲ್ಲಿ ಕೂರಿಸಬೇಕು ಎಂದು ಯಾವುದಾದರೂ ಮನೆಯವರು ಒಟ್ಟಿಗೆ ಕುಳಿತು ಮಾತನಾಡಿದ್ದನ್ನು ಕೇಳಿದ್ದೀರಾ? ಹೆಚ್ಚಿನ ಮನೆಗಳಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ವಯರಿಂಗ್‌ನವರು ತಮಗೆ ಅನುಕೂಲವಾದ ಕಡೆ ಅದನ್ನು ಕೂರಿಸಿ ಹೋಗುತ್ತಾರೆ. ಒಕ್ಕಲಿನ ದಿನ ಬಂದ ನೆಂಟರ ಕಣ್ಣಿಗೆ ಅದು ಬೀಳದಿದ್ದರೆ ಸಾಕು ಎಂದು ಮನೆಯವರೂ ಸುಮ್ಮನಾಗುತ್ತಾರೆ.

ನಾನು ಇಲೆಕ್ಟ್ರಿಷಿಯನ್ ಅಲ್ಲ, ಗೃಹಿಣಿ. ನಮ್ಮ ಮನೆ ಎದ್ದು ನಿಲ್ಲಲು ಎರಡು ವರ್ಷ ಹಿಡಿಯಿತು. ಪತಿ ಸೌದಿಯಲ್ಲಿದ್ದುದರಿಂದ ಪಾಯ ತೆಗೆದ ದಿನದಿಂದ ಬಣ್ಣ ಬಳಿದ ದಿನದವರೆಗೆ ಮೇಸ್ತ್ರಿ, ಬಡಗಿ, ವಯರಿಂಗ್‌ನವರು ಎಲ್ಲರೊಂದಿಗೂ ಮಾತನಾಡಿದ್ದು ನಾನು ಮತ್ತು ನನ್ನ ಅತ್ತೆ. ಆ ಎರಡು ವರ್ಷಗಳಲ್ಲಿ ಕೇಳಿ, ಓದಿ, ನೋಡಿ ತಿಳಿದುಕೊಂಡ ಒಂದು ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಮನೆ ಕಟ್ಟುವ ಯೋಚನೆಯಲ್ಲಿರುವ ಸಹೋದರಿಯರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಈ ಬಾಕ್ಸ್ ಏನೆಂದು ತಿಳಿಯೋಣ. ರಸ್ತೆಯ ಕಂಬದಿಂದ ಸರ್ವಿಸ್ ವಯರ್ ನಮ್ಮ ಮನೆಗೆ ಬರುತ್ತದೆ. ಅದು ಮೊದಲು ಮೀಟರಿಗೆ, ಅಲ್ಲಿಂದ ಮೈನ್ ಸ್ವಿಚ್ಚಿಗೆ, ಬಳಿಕ ಡಿ.ಬಿ. ಬಾಕ್ಸಿಗೆ ಹೋಗುತ್ತದೆ. ಡಿ.ಬಿ. ಎಂದರೆ ಡಿಸ್ಟ್ರಿಬ್ಯೂಷನ್ ಬೋರ್ಡ್, ಹಂಚುವ ಹಲಗೆ. ಮನೆಗೆ ಬಂದ ಕರೆಂಟು ಇಲ್ಲಿಂದ ಅಡುಗೆಮನೆಗೆ, ಮಲಗುವ ಕೋಣೆಗೆ, ಬಾವಿಯ ಪಂಪಿಗೆ, ಗೀಸರಿಗೆ ಎಂದು ಬೇರೆ ಬೇರೆ ದಾರಿ ಹಿಡಿಯುತ್ತದೆ. ಪ್ರತಿ ದಾರಿಗೂ ಒಂದೊಂದು ಚಿಕ್ಕ ಸ್ವಿಚ್ ಇರುತ್ತದೆ. ಅದಕ್ಕೆ ಎಂ.ಸಿ.ಬಿ. ಎನ್ನುತ್ತಾರೆ. ಹಿಂದೆ ಪಿಂಗಾಣಿಯ ಫ್ಯೂಸುಗಳು ಮಾಡುತ್ತಿದ್ದ ಕೆಲಸವನ್ನು ಈಗ ಇವು ಮಾಡುತ್ತವೆ. ವಯರಿಗೆ ತಾಳಲಾರದಷ್ಟು ಕರೆಂಟು ಹರಿದರೆ ಅಥವಾ ಶಾರ್ಟ್ ಆದರೆ ಕಟ್ಟನೆ ಕೆಳಗೆ ಬೀಳುತ್ತವೆ.

ಇದೇ ಬಾಕ್ಸಿನೊಳಗೆ ಇನ್ನೊಂದು ಸ್ವಿಚ್ ಇರಬೇಕು. ಅದು ಆರ್.ಸಿ.ಸಿ.ಬಿ. ನಮ್ಮ ಕಡೆಯ ವಯರಿಂಗ್‌ನವರು ಹಳೆಯ ರೂಢಿಯಂತೆ ಅದನ್ನೂ ಇ.ಎಲ್.ಸಿ.ಬಿ. ಎಂದೇ ಕರೆಯುತ್ತಾರೆ. ಎಂ.ಸಿ.ಬಿ. ಕಾಯುವುದು ವಯರನ್ನು, ಆರ್.ಸಿ.ಸಿ.ಬಿ. ಕಾಯುವುದು ಮನುಷ್ಯರನ್ನು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿದ್ದ ಫ್ಯೂಸ್ 15 ಆಂಪಿಯರಿನದ್ದು. ಅಂದರೆ 15,000 ಮಿಲಿ ಆಂಪಿಯರ್. ಮನುಷ್ಯನ ಪ್ರಾಣ ಹೋಗಲು ಅಷ್ಟೇನೂ ಬೇಡ, ಕೆಲವು ಹತ್ತು ಮಿಲಿ ಆಂಪಿಯರ್ ದೇಹದ ಮೂಲಕ ಹರಿದರೂ ಸಾಕು. ಆದ್ದರಿಂದ ಒಬ್ಬರಿಗೆ ಶಾಕ್ ಹೊಡೆಯುತ್ತಿದ್ದರೂ ಫ್ಯೂಸ್ ಹೋಗುವುದಿಲ್ಲ, ಎಂ.ಸಿ.ಬಿ. ಬೀಳುವುದಿಲ್ಲ. ಅವುಗಳಿಗೆ ಅದು ಗೊತ್ತೇ ಆಗುವುದಿಲ್ಲ. ಆರ್.ಸಿ.ಸಿ.ಬಿ. ಹೋದ ಕರೆಂಟನ್ನೂ ಮರಳಿ ಬಂದ ಕರೆಂಟನ್ನೂ ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರಿನಷ್ಟು ಬೇರೆ ದಾರಿಯಲ್ಲಿ ಸೋರಿದರೂ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಸಂಪರ್ಕ ಕಡಿಯುತ್ತದೆ. ಮನೆಗೆ 30 ಮಿಲಿ ಆಂಪಿಯರಿನದ್ದನ್ನೇ ಕೇಳಿ ಹಾಕಿಸಿಕೊಳ್ಳಿ.

ಈ ಬಾಕ್ಸ್ ಎಲ್ಲಿರಬೇಕು ಎಂಬುದು ಯಾಕೆ ಅಷ್ಟು ಮುಖ್ಯ ಎಂದು ನೀವು ಕೇಳಬಹುದು. ನಾವು ಹಿಂದೆ ಬಾಡಿಗೆಗಿದ್ದ ಮನೆಯಲ್ಲಿ ನಡೆದ ಒಂದು ಘಟನೆ ಹೇಳುತ್ತೇನೆ. ಅದು ಹಳೆಯ ಮನೆ. ಆರ್.ಸಿ.ಸಿ.ಬಿ. ಇರಲಿಲ್ಲ. ಮೈನ್ ಸ್ವಿಚ್ ಮತ್ತು ಫ್ಯೂಸುಗಳು ಸಿಟ್‌ಔಟ್‌ನ ಮೂಲೆಯಲ್ಲಿ, ಎಂಟಡಿ ಎತ್ತರದಲ್ಲಿದ್ದವು. ಒಂದು ಮಧ್ಯಾಹ್ನ ನನ್ನ ನಾದಿನಿ ಹಿಂಬದಿಯ ಬಚ್ಚಲಿನ ಪಕ್ಕ ವಾಷಿಂಗ್ ಮೆಷಿನ್‌ಗೆ ಕೈಯಿಟ್ಟಳು. ನೆಲ ಒದ್ದೆಯಾಗಿತ್ತು, ಬರಿಗಾಲು. ಮೆಷಿನ್‌ನ ಮೈಗೆ ಕರೆಂಟು ಬಂದಿತ್ತು. ಶಾಕ್ ಹೊಡೆದಾಗ ಕೈಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಅವಳ ಬಾಯಿಂದ ಸರಿಯಾಗಿ ಕೂಗೂ ಹೊರಡಲಿಲ್ಲವಂತೆ. ಮನೆಯಲ್ಲಿದ್ದವರು ಅತ್ತೆ ಒಬ್ಬರೇ. ಮುಟ್ಟಬಾರದು, ಮೈನ್ ಆರಿಸಬೇಕು ಎಂದು ಅವರಿಗೆ ಗೊತ್ತಿತ್ತು. ಹಜಾರ ದಾಟಿ ಓಡಿದರು. ಮುಂಬಾಗಿಲಿಗೆ ಮೇಲಿನ ಚಿಲಕ ಹಾಕಿತ್ತು, ಅದನ್ನು ತೆಗೆದರು. ಹೊರಗೆ ಬಂದು ನೋಡಿದರೆ ಸ್ವಿಚ್ಚಿಗೆ ಕೈ ಎಟಕುವುದಿಲ್ಲ. ಸ್ಟೂಲ್ ಇದ್ದದ್ದು ಅಡುಗೆಮನೆಯಲ್ಲಿ.

ಅತ್ತೆ ಸ್ಟೂಲ್ ತರಲು ತಿರುಗುವಷ್ಟರಲ್ಲಿ ನಾದಿನಿ ಕುಸಿದು ಬಿದ್ದಿದ್ದಳು. ಬಿದ್ದ ಭಾರಕ್ಕೆ ಕೈ ತಾನಾಗಿ ಕಳಚಿಕೊಂಡಿತ್ತು. ಅಲ್‌ಹಮ್ದುಲಿಲ್ಲಾಹ್, ಅವಳು ಉಳಿದಳು. ಅಂಗೈಯಲ್ಲಿ ಸುಟ್ಟ ಗಾಯ, ಆಸ್ಪತ್ರೆಯಲ್ಲಿ ಇ.ಸಿ.ಜಿ., ಒಂದು ರಾತ್ರಿಯ ನಿಗಾ. ಅಲ್ಲಾಹನು ಕಾಪಾಡಿದ. ಆದರೆ ಆ ದಿನದ ಬಳಿಕ ಅತ್ತೆ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ಏನು ಮಾಡಬೇಕೆಂದು ನನಗೆ ಗೊತ್ತಿತ್ತು ಮಗಳೇ, ಕೈಗೆ ಸಿಗಲಿಲ್ಲ."

ನಮ್ಮ ಮನೆಗಳಲ್ಲಿ ಹಗಲು ಹೊತ್ತು ಇರುವವರು ಯಾರು? ಗಂಡಸರು ಅಂಗಡಿಯಲ್ಲೋ ಕಚೇರಿಯಲ್ಲೋ ಸಮುದ್ರದಾಚೆಯೋ ಇರುತ್ತಾರೆ. ಮನೆಯಲ್ಲಿರುವವರು ಹೆಂಗಸರು, ಮಕ್ಕಳು, ವಯಸ್ಸಾದವರು. ಗ್ರೈಂಡರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ವಾಷಿಂಗ್ ಮೆಷಿನ್, ಗೀಸರ್ ಎಲ್ಲವನ್ನೂ ಹೆಚ್ಚಾಗಿ ಮುಟ್ಟುವವರೂ ನಾವೇ. ಆದರೆ ಅವೆಲ್ಲವನ್ನೂ ಒಮ್ಮೆಗೇ ಆರಿಸುವ ಸ್ವಿಚ್ ಮಾತ್ರ ಉದ್ದನೆಯ ಗಂಡಸೊಬ್ಬನ ಕೈಯಳತೆಗೆ ಇರುತ್ತದೆ. ನನ್ನ ತವರಿನ ಹಂಚಿನ ಮನೆಯಲ್ಲೂ ಹಾಗೆಯೇ ಇತ್ತು. ಜಗಲಿಯ ಗೋಡೆಯ ಮೇಲ್ತುದಿಯಲ್ಲಿ ಮರದ ಹಲಗೆ, ಅದರ ಮೇಲೆ ಪಿಂಗಾಣಿ ಫ್ಯೂಸುಗಳು. ಉಪ್ಪ ಬೆಂಚು ಹತ್ತಿ ಫ್ಯೂಸ್ ಕಟ್ಟುತ್ತಿದ್ದರು. ಉಪ್ಪ ಊರಲ್ಲಿ ಇಲ್ಲದಿದ್ದರೆ ನಮಗೆ ಅಂದು ಚಿಮಿಣಿ ದೀಪವೇ ಗತಿ.

ಪ್ರತಿಯೊಬ್ಬರೂ ಒಂದಲ್ಲ ಒಂದರ ಪಾಲಕರು, ತಮ್ಮ ಪಾಲನೆಯಲ್ಲಿರುವವರ ಬಗ್ಗೆ ಅವರು ಉತ್ತರ ಕೊಡಬೇಕಾಗುತ್ತದೆ ಎಂಬ ಪ್ರವಾದಿವರ್ಯರ(ಸ) ಬೋಧನೆ ನಿಮಗೆ ತಿಳಿದೇ ಇದೆ. ಆ ಹದೀಸ್‌ನಲ್ಲಿ ಸ್ತ್ರೀಯನ್ನು ಮನೆಯ ಪಾಲಕಿ ಎಂದು ಪ್ರತ್ಯೇಕವಾಗಿ ಹೆಸರಿಸಲಾಗಿದೆ. ಹೊಣೆಯನ್ನು ಹೆಣ್ಣಿನ ಹೆಗಲಿಗೆ ಹಾಕಿ, ಆ ಹೊಣೆಯನ್ನು ನಿಭಾಯಿಸಲು ಬೇಕಾದ ಸ್ವಿಚ್ಚನ್ನು ಅವಳ ಕೈಗೆಟಕದಂತೆ ಇಡುವುದು ಸರಿಯೇ? ಬೆಂಕಿಯ ವಿಷಯದಲ್ಲೂ ನಮಗೆ ಸ್ಪಷ್ಟ ಮಾರ್ಗದರ್ಶನವಿದೆ. ಮದೀನಾದಲ್ಲಿ ರಾತ್ರಿ ಹೊತ್ತು ಒಂದು ಮನೆ ಅದರಲ್ಲಿದ್ದವರ ಸಮೇತ ಸುಟ್ಟುಹೋದಾಗ, ಬೆಂಕಿ ನಿಮ್ಮ ಶತ್ರು, ಮಲಗುವ ಮುನ್ನ ಅದನ್ನು ಆರಿಸಿರಿ ಎಂಬ ಅರ್ಥದಲ್ಲಿ ಪ್ರವಾದಿವರ್ಯರು(ಸ) ಉಪದೇಶಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳು ವರದಿ ಮಾಡಿವೆ. ಅಂದಿನ ಬೆಂಕಿ ದೀಪದಲ್ಲಿತ್ತು. ಇಂದು ಅದು ಗೋಡೆಯೊಳಗಿನ ವಯರಿನಲ್ಲೂ ಇದೆ.

ಇನ್ನು ಜಾಗದ ವಿಷಯಕ್ಕೆ ಬರುತ್ತೇನೆ. ಎಲ್ಲಿ ಬೇಡ ಎಂಬುದನ್ನು ಮೊದಲು ಹೇಳಿದರೆ ಎಲ್ಲಿ ಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮೀಟರ್ ಮತ್ತು ಡಿ.ಬಿ. ಒಂದೇ ಎಂದು ಹಲವರು ತಿಳಿದಿದ್ದಾರೆ. ಎರಡಕ್ಕೂ ಬೇರೆ ಬೇರೆ ಜಾಗ ಬೇಕು. ಮೀಟರ್ ಹೊರಗಡೆ, ಮಳೆ ತಾಗದ ಕಡೆ ಇರಲಿ. ರೀಡಿಂಗ್ ತೆಗೆಯಲು ಬರುವವರು ಮನೆಯೊಳಗೆ ಕಾಲಿಡಬೇಕಾಗಿಲ್ಲ. ಹೆಂಗಸರು ಮಾತ್ರ ಇರುವ ಮನೆಗೆ ಇದರಿಂದ ದೊಡ್ಡ ಅನುಕೂಲ. ಆದರೆ ಡಿ.ಬಿ. ನಮ್ಮದು, ಅದು ಒಳಗಿರಬೇಕು. ನಮ್ಮ ಇಂಜಿನಿಯರರ ನಕ್ಷೆಯಲ್ಲಿ ಎರಡೂ ಸಿಟ್‌ಔಟ್‌ನ ಮೂಲೆಯಲ್ಲಿದ್ದವು. "ಒಂದೇ ಕಡೆ ಇದ್ದರೆ ವಯರ್ ಉಳಿತಾಯ" ಎಂದು ಅವರು ಹೇಳಿದರು. ನಾನು ಕೇಳಿದೆ, "ಮೇ ತಿಂಗಳ ರಾತ್ರಿ ಗುಡುಗು ಮಿಂಚು ಬಂದಾಗ ಮೈನ್ ಆರಿಸಲು ನಾನು ಬಾಗಿಲು ತೆಗೆದು ಹೊರಗೆ ಹೋಗಬೇಕೇ?" ಅವರು ನಕ್ಕು ಪೆನ್ಸಿಲ್ ಕೈಗೆತ್ತಿಕೊಂಡರು.

ನಮ್ಮ ಕರಾವಳಿಯಲ್ಲಿ ಮಳೆಯನ್ನು ಮರೆತು ಯಾವ ತೀರ್ಮಾನವನ್ನೂ ಮಾಡುವಂತಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಮಳೆ ಬಡಿಯುವುದು ಮನೆಯ ಪಡುವಣ ಮತ್ತು ನೈಋತ್ಯದ ಗೋಡೆಗಳಿಗೆ. ಕೆಂಪು ಕಲ್ಲಿನ ಗೋಡೆ ನೀರು ಕುಡಿದರೆ ಒಳಗಿನ ಸಾರಣೆಯೂ ತೇವವಾಗುತ್ತದೆ. ಆದ್ದರಿಂದ ಹೊರಗೋಡೆಗೆ, ಅದರಲ್ಲೂ ಪಡುವಣದ ಹೊರಗೋಡೆಗೆ ಬಾಕ್ಸನ್ನು ಹುಗಿಸಬೇಡಿ. ಎರಡೂ ಬದಿಯಲ್ಲಿ ಒಣಗಿರುವ ಒಳಗೋಡೆಯೇ ಒಳ್ಳೆಯದು. ಆ ಗೋಡೆಯ ಹಿಂಬದಿಯಲ್ಲಿ ಬಚ್ಚಲಿರಬಾರದು, ಮೇಲ್ಭಾಗದಲ್ಲಿ ಮಹಡಿಯ ಬಚ್ಚಲಾಗಲಿ ನೀರಿನ ಟ್ಯಾಂಕಾಗಲಿ ಇರಬಾರದು. ಪೈಪು ಇಂದಲ್ಲ ನಾಳೆ ಸೋರುತ್ತದೆ.

ಅಡುಗೆಮನೆಯಲ್ಲಿ ಬೇಡವೇ ಬೇಡ. ಕೆಲವು ಕಡೆ ಕೈಗೆ ಹತ್ತಿರವಿರಲಿ ಎಂದು ಅಲ್ಲಿಯೇ ಇಡುತ್ತಾರೆ. ಭಾರತೀಯ ಮಾನಕ ಬ್ಯೂರೋದ ಐ.ಎಸ್. 732 ಎಂಬ ವಯರಿಂಗ್ ನಿಯಮಾವಳಿಯ 1989ರ ಆವೃತ್ತಿಯಲ್ಲೇ ಈ ಬಗ್ಗೆ ಎಚ್ಚರಿಕೆಯಿದೆ. ಸ್ವಿಚ್ ಬೋರ್ಡನ್ನು ಗ್ಯಾಸ್ ಒಲೆಯ ಮೇಲಾಗಲಿ ಸಿಂಕಿನ ಮೇಲಾಗಲಿ, ಅಡುಗೆಮನೆ, ಸ್ನಾನದ ಮನೆ, ಶೌಚಾಲಯಗಳಲ್ಲಾಗಲಿ ಕೂರಿಸಬಾರದು, ಬಟ್ಟೆ ಒಗೆಯುವ ಕೋಣೆಯಲ್ಲಿ ತೊಳೆಯುವ ಜಾಗದಿಂದ 2.5 ಮೀಟರ್ ದೂರವಿರಬೇಕು ಎಂದು ಅದು ಹೇಳುತ್ತದೆ. ಎರಡೂವರೆ ಮೀಟರ್ ಎಂದರೆ ಸುಮಾರು ಎಂಟಡಿ. ಅಡುಗೆಮನೆಯಲ್ಲಿ ಹಬೆಯಿದೆ, ಎಣ್ಣೆಯ ಜಿಡ್ಡಿದೆ, ನೀರಿದೆ. ಎಲ್ಲಕ್ಕಿಂತ ದೊಡ್ಡ ಕಾರಣ ಗ್ಯಾಸ್. ಸಿಲಿಂಡರ್ ಸೋರಿದರೆ ಗ್ಯಾಸ್ ಗಾಳಿಗಿಂತ ಭಾರವಾದುದರಿಂದ ನೆಲದ ಹತ್ತಿರ ತುಂಬಿಕೊಳ್ಳುತ್ತದೆ. ಆಗ ಅಲ್ಲಿನ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು, ಕಿಡಿ ಹಾರಿದರೆ ಮುಗಿಯಿತು. ಕರೆಂಟು ತೆಗೆಯುವುದಿದ್ದರೆ ಗ್ಯಾಸ್ ತಲುಪದ ದೂರದ ಜಾಗದಿಂದಲೇ ತೆಗೆಯಬೇಕು. ಡಿ.ಬಿ.ಯೇ ಅಡುಗೆಮನೆಯಲ್ಲಿದ್ದರೆ ಇದು ಹೇಗೆ ಸಾಧ್ಯ?

ಇನ್ನು ಮಲಗುವ ಕೋಣೆ. ಹಜಾರದ ಅಂದ ಕೆಡಬಾರದೆಂದು ಡಿ.ಬಿ.ಯನ್ನು ಮಾಸ್ಟರ್ ಬೆಡ್‌ರೂಮಿನ ಬಾಗಿಲ ಹಿಂದೆಯೋ ಕಪಾಟಿನೊಳಗೋ ಅಡಗಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಬಾಗಿಲು ತೆರೆದಿಟ್ಟರೆ ಬಾಕ್ಸ್ ಮುಚ್ಚಿಹೋಗುತ್ತದೆ. ಕಪಾಟಿನೊಳಗಿದ್ದರೆ ಸೀರೆ, ಹೊದಿಕೆಗಳ ನಡುವೆ. ಒಂದು ವಯರಿನ ತುದಿ ಸಡಿಲವಾಗಿ ಬಿಸಿಯಾದರೂ ಬೆಂಕಿಗೆ ಬೇಕಾದ ಸಾಮಗ್ರಿ ಪಕ್ಕದಲ್ಲೇ ಸಿದ್ಧ. ಇದಲ್ಲದೆ ನಮಗೆ ಇನ್ನೊಂದು ಕಾರಣವೂ ಇದೆ. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 58ನೇ ಸೂಕ್ತದಲ್ಲಿ ಮನೆಯೊಳಗಿನ ಮಕ್ಕಳು ಮತ್ತು ಸೇವಕರು ಸಹ ಅನುಮತಿ ಕೇಳಿಯೇ ಒಳಬರಬೇಕಾದ ಮೂರು ಹೊತ್ತುಗಳನ್ನು ಹೇಳಲಾಗಿದೆ: ಫಜ್ರ್ ನಮಾಝಿನ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯಲ್ಲಿ ಉಡುಪು ಕಳಚಿಡುವ ಹೊತ್ತು ಮತ್ತು ಇಶಾ ನಮಾಝಿನ ಬಳಿಕ. ಎಂ.ಸಿ.ಬಿ. ಬೀಳುವುದು ಹೊತ್ತು ನೋಡಿಯಲ್ಲ. ರಾತ್ರಿ ಹನ್ನೊಂದಕ್ಕೆ ಕರೆಂಟು ಹೋದರೆ ಅತ್ತೆಯೋ ಮೈದುನನೋ ಗಂಡಹೆಂಡಿರ ಕೋಣೆಯ ಬಾಗಿಲು ತಟ್ಟಬೇಕು. ರಿಪೇರಿಗೆ ಬಂದ ಹೊರಗಿನವರನ್ನು ಮಲಗುವ ಕೋಣೆಗೆ ಕರೆದೊಯ್ಯಬೇಕು. ಇದೆಲ್ಲ ಯಾಕೆ?

ಮೆಟ್ಟಿಲ ಕೆಳಗಿನ ಜಾಗವನ್ನು ಹಲವರು ಸೂಚಿಸುತ್ತಾರೆ. ತಲೆ ತಾಗದಷ್ಟು ಎತ್ತರವಿದ್ದು ತೆರೆದೇ ಇರುವುದಾದರೆ ತೊಂದರೆಯಿಲ್ಲ. ಆದರೆ ಮೆಟ್ಟಿಲ ಕೆಳಗಿನ ಜಾಗ ನಮ್ಮ ಮನೆಗಳಲ್ಲಿ ಎಷ್ಟು ದಿನ ಖಾಲಿ ಇರುತ್ತದೆ ಎಂದು ನಿಮಗೇ ಗೊತ್ತು. ಹಳೆಯ ಪೇಪರ್, ಚಾಪೆ, ಗೋಣಿಚೀಲ, ಮಕ್ಕಳ ಸೈಕಲ್ ಎಲ್ಲವೂ ಅಲ್ಲಿಗೇ. ಬೋರ್ಡಿನ ಮುಂದೆ ಕಡಿಮೆಯೆಂದರೂ ಒಂದು ಮೀಟರ್ ಜಾಗ ಖಾಲಿ ಇರಬೇಕು. ಅದನ್ನು ಕಾಪಾಡಿಕೊಳ್ಳಲು ಸಾಧ್ಯವಾಗುವ ಕಡೆಯೇ ಬಾಕ್ಸ್ ಇರಲಿ.

ಹಾಗಾದರೆ ಎಲ್ಲಿ? ನಮ್ಮ ಮನೆಯಲ್ಲಿ ಊಟದ ಹಜಾರದಿಂದ ಮಲಗುವ ಕೋಣೆಗಳಿಗೆ ಹೋಗುವ ಓಣಿಯ ಗೋಡೆಯನ್ನು ಆರಿಸಿಕೊಂಡೆವು. ಅದು ಒಳಗೋಡೆ. ಹಿಂಬದಿಯಲ್ಲಿ ಅತ್ತೆಯ ಕೋಣೆ, ನೀರಿನ ಪೈಪಿಲ್ಲ. ಊಟದ ಹಜಾರದಲ್ಲಿ ಕೈತೊಳೆಯುವ ಬೇಸಿನ್ ಇದೆ, ಅದು ಎದುರು ಗೋಡೆಯಲ್ಲಿ, ಒಂಬತ್ತಡಿ ದೂರದಲ್ಲಿ. ಅಡುಗೆಮನೆಯಿಂದ ಹತ್ತು ಹೆಜ್ಜೆ, ಯಾವ ಕೋಣೆಯಿಂದ ಬಂದರೂ ಬಾಗಿಲು ತಟ್ಟಬೇಕಾಗಿಲ್ಲ. ಕತ್ತಲಲ್ಲಿ ಗೋಡೆ ಹಿಡಿದುಕೊಂಡೇ ತಲುಪಬಹುದು. ಮನೆಯ ನಡುಭಾಗವಾದುದರಿಂದ ಎಲ್ಲ ಕೋಣೆಗಳಿಗೂ ವಯರಿನ ಓಟ ಕಡಿಮೆಯಾಯಿತು ಎಂದು ಕೊನೆಗೆ ವಯರಿಂಗ್‌ನವರೂ ಒಪ್ಪಿಕೊಂಡರು. ಮೀಟರಿನಿಂದ ಡಿ.ಬಿ. ತನಕದ ದಪ್ಪ ವಯರಿಗೆ ಸ್ವಲ್ಪ ಹೆಚ್ಚು ಖರ್ಚಾಯಿತು ನಿಜ. ಟೈಲ್ಸಿನ ಖರ್ಚಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಎತ್ತರದ ಬಗ್ಗೆ ಮತ್ತೊಂದು ವಾದ ನಡೆಯಿತು. "ಬಾಗಿಲಿನ ಮೇಲೆ ಇಟ್ಟುಬಿಡುತ್ತೇನೆ ಅಕ್ಕ, ಮಕ್ಕಳ ಕೈಗೆ ಸಿಗುವುದಿಲ್ಲ" ಎಂದು ವಯರಿಂಗ್‌ನ ಹುಡುಗ ಹಟ ಹಿಡಿದ. ಮಕ್ಕಳ ಕೈಗೆ ಸಿಗಬಾರದು ಎಂಬುದು ಸರಿ. ಅದೇ ನಿಯಮಾವಳಿಯಲ್ಲಿ, ಮುಂಭಾಗ ಪೂರ್ತಿ ಮುಚ್ಚಿರದ ಬೋರ್ಡಿನ ಕೆಳ ಅಂಚು ನೆಲದಿಂದ 1.25 ಮೀಟರಿಗಿಂತ, ಅಂದರೆ ಸುಮಾರು ನಾಲ್ಕಡಿಗಿಂತ, ತಗ್ಗಿನಲ್ಲಿರಬಾರದು ಎಂದಿದೆ. ನಮ್ಮ ಬಾಕ್ಸಿಗೆ ಬಾಗಿಲಿದ್ದರೂ ಅದೇ ಅಳತೆಯನ್ನು ಹಿಡಿದೆವು. ಪುಟ್ಟ ಮಕ್ಕಳಿಗೆ ಅಷ್ಟೇ ಸಾಕು. ಏಳಡಿಗೆ ಏರಿಸಿದರೆ ಮಕ್ಕಳ ಜೊತೆ ದೊಡ್ಡವರ ಕೈಗೂ ಸಿಗುವುದಿಲ್ಲ. ನಾನು ಅತ್ತೆಯನ್ನು ಕರೆದೆ. ಅವರು ಗಿಡ್ಡ, ಜೊತೆಗೆ ಭುಜದ ನೋವು, ಕೈಯನ್ನು ತಲೆಯ ಮೇಲೆ ಎತ್ತಲಾಗುವುದಿಲ್ಲ. ಗೋಡೆಯ ಮುಂದೆ ನಿಂತು, ನೋವಾಗದೆ ಎಷ್ಟೆತ್ತರಕ್ಕೆ ಕೈ ಹೋಗುತ್ತದೋ ಅಲ್ಲಿಗೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ ಎಂದೆ. ಅವರು ಎಳೆದ ಗೆರೆ ಅವರ ಕಣ್ಣಿನ ಮಟ್ಟದಲ್ಲಿತ್ತು, ನಾಲ್ಕೂವರೆ ಅಡಿಯ ಆಸುಪಾಸು. ಸ್ವಿಚ್ಚುಗಳ ಸಾಲು ಅಲ್ಲಿಗೇ ಬರಬೇಕು ಎಂದು ತೀರ್ಮಾನಿಸಿದೆವು. ಮನೆಯಲ್ಲಿ ಎಲ್ಲರಿಗಿಂತ ಗಿಡ್ಡವಾಗಿರುವ ದೊಡ್ಡವರು ಯಾರೋ ಅವರಿಂದಲೇ ಗೆರೆ ಎಳೆಸಿ ಎಂದು ನಾನು ನಿಮಗೂ ಹೇಳುತ್ತೇನೆ. ಗಾಲಿಕುರ್ಚಿಯಲ್ಲಿರುವವರು ಇದ್ದರೆ ಅವರ ಕೈಯನ್ನೂ ಅಳೆಯಿರಿ. ಇನ್ನೂ ತಗ್ಗಿಸಬೇಕಾದರೆ ಪೂರ್ತಿ ಮುಚ್ಚುವ ಬಾಗಿಲಿನ ಬಾಕ್ಸನ್ನೇ ಹಾಕಿಸಬೇಕು. ಬಾಕ್ಸಿಗೆ ಬಾಗಿಲಿರಲಿ, ಬೀಗ ಬೇಡ. ಬೀಗದ ಕೈ ಬೇಕಾದ ಹೊತ್ತಿಗೆ ಎಂದೂ ಸಿಗುವುದಿಲ್ಲ.

ಅಂದದ ಬಗ್ಗೆಯೂ ಮಾತು ಬಂತು. ಪತಿಗೆ ವಾಟ್ಸಾಪಿನಲ್ಲಿ ಫೋಟೋ ಕಳುಹಿಸಿದಾಗ, "ಬಂದವರಿಗೆಲ್ಲ ಕಾಣುತ್ತದಲ್ಲ" ಎಂದರು. "ಬಂದವರಿಗೆ ಕಂಡರೆ ಏನಾಯಿತು, ನಮಗೆ ಕಾಣಬೇಕು" ಎಂದು ಉತ್ತರಿಸಿದ್ದು ನಾನಲ್ಲ, ಅವರ ತಾಯಿ. ಅಲ್ಲಿಗೆ ಚರ್ಚೆ ಮುಗಿಯಿತು. ಗೋಡೆಯದೇ ಬಣ್ಣದ ಬಾಗಿಲಿನ ಬಾಕ್ಸ್ ಸಿಗುತ್ತದೆ. ಅದರ ಮುಂದೆ ಕ್ಯಾಲೆಂಡರ್, ಪರದೆ, ಚಿತ್ರದ ಚೌಕಟ್ಟು ತೂಗುಹಾಕದಿದ್ದರೆ ಸಾಕು.

ಇದನ್ನೆಲ್ಲ ಯಾವಾಗ ತೀರ್ಮಾನಿಸಬೇಕು ಎಂಬುದು ಬಹಳ ಮುಖ್ಯ. ಸಾರಣೆ ಆದ ಮೇಲೆ ನೋಡೋಣ ಎನ್ನಬೇಡಿ. ಫ್ಯಾನ್ ಮತ್ತು ದೀಪದ ಪೈಪುಗಳನ್ನು ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಮೊದಲೇ ಕಬ್ಬಿಣದ ನಡುವೆ ಹಾಸುತ್ತಾರೆ. ಅವು ಯಾವ ಗೋಡೆಗೆ ಇಳಿಯಬೇಕು ಎಂಬುದನ್ನು ಡಿ.ಬಿ.ಯ ಜಾಗವೇ ನಿರ್ಧರಿಸುತ್ತದೆ. ಆದ್ದರಿಂದ ನಕ್ಷೆ ಕೈಗೆ ಬಂದ ದಿನವೇ ಕೇಳಿ. ಮಹಡಿ ಮನೆಯಾದರೆ ಮೇಲಿನ ಅಂತಸ್ತಿಗೆ ಅಲ್ಲಿಯೇ ಒಂದು ಪ್ರತ್ಯೇಕ ಡಿ.ಬಿ. ಇರಲಿ. ರಾತ್ರಿ ಮೆಟ್ಟಿಲಿಳಿದು ಬರುವ ಅಗತ್ಯವಿರುವುದಿಲ್ಲ. ಒಂದೇ ಆರ್.ಸಿ.ಸಿ.ಬಿ. ಇಡೀ ಮನೆಗಿದ್ದರೆ ಗೀಸರಿನ ದೋಷಕ್ಕೆ ಇಡೀ ಮನೆ ಕತ್ತಲಾಗುತ್ತದೆ. ಎರಡು ಹಾಕಿಸಿ ದೀಪಗಳನ್ನೂ ನೀರಿನ ಉಪಕರಣಗಳನ್ನೂ ಬೇರ್ಪಡಿಸಿದರೆ ಒಳ್ಳೆಯದು.

ಇನ್ವರ್ಟರ್ ಇರುವ ಮನೆಯವರು ಒಂದು ಮಾತನ್ನು ನೆನಪಿಡಬೇಕು. ಮೈನ್ ಆರಿಸಿದ ಕೂಡಲೇ ಇನ್ವರ್ಟರ್, ಕರೆಂಟು ಹೋಯಿತೆಂದು ತಿಳಿದು ಬ್ಯಾಟರಿಯಿಂದ ದೀಪ, ಫ್ಯಾನುಗಳಿಗೆ ಕರೆಂಟು ಕೊಡಲು ಶುರುಮಾಡುತ್ತದೆ. ಅಂದರೆ ಮೈನ್ ಆರಿಸಿದರೂ ಆ ವಯರುಗಳಲ್ಲಿ 230 ವೋಲ್ಟ್ ಹರಿಯುತ್ತಿರುತ್ತದೆ. ಆದ್ದರಿಂದ ಇನ್ವರ್ಟರಿನ ಸ್ವಿಚ್ಚೂ ಡಿ.ಬಿ.ಯ ಪಕ್ಕದಲ್ಲೇ ಇರಲಿ, ಎರಡನ್ನೂ ಆರಿಸುವುದು ಮನೆಯವರಿಗೆಲ್ಲ ಗೊತ್ತಿರಲಿ. ಬ್ಯಾಟರಿಯನ್ನು ಮಾತ್ರ ಗಾಳಿಯಾಡುವ ಕಡೆ ಇಡಿ.

ಬಾಕ್ಸ್ ಕೂರಿಸಿ ವಯರಿಂಗ್‌ನವರು ಹೊರಡುವ ಮುನ್ನ ಅವರಿಂದ ಒಂದು ಕೆಲಸ ಮಾಡಿಸಿಕೊಳ್ಳಿ. ಪ್ರತಿ ಸ್ವಿಚ್ಚಿನ ಕೆಳಗೆ ಅದು ಯಾವ ಕಡೆಯದ್ದೆಂದು ಕನ್ನಡದಲ್ಲಿ ಬರೆದು ಅಂಟಿಸಲಿ. "ಅಡುಗೆಮನೆ", "ಗೀಸರ್", "ಬಾವಿ ಪಂಪು", "ಅಜ್ಜಿಯ ಕೋಣೆ" ಹೀಗೆ. ನಮ್ಮ ಬಾಕ್ಸಿನಲ್ಲಿ ನನ್ನ ಮಗಳೇ ಬರೆದಳು. ಮೈನ್ ಯಾವುದು, ಆರ್.ಸಿ.ಸಿ.ಬಿ. ಯಾವುದು ಎಂದು ಕೆಂಪು ಶಾಯಿಯಲ್ಲಿ ಬರೆಸಿ. ಆರ್.ಸಿ.ಸಿ.ಬಿ.ಯಲ್ಲಿ 'ಟಿ' ಎಂಬ ಅಕ್ಷರದ ಒಂದು ಚಿಕ್ಕ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ. ಕೂಡಲೇ ಬಿದ್ದರೆ ಅದು ಎಚ್ಚರವಾಗಿದೆ ಎಂದರ್ಥ. ಬೀಳದಿದ್ದರೆ ಅದೇ ದಿನ ತಿಳಿದವರನ್ನು ಕರೆಸಿ. ಬಾಕ್ಸ್ ಕೈಗೆ ಸಿಗದಿದ್ದರೆ ಈ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ಎತ್ತರದಲ್ಲಿದ್ದು ವರ್ಷಗಟ್ಟಲೆ ಯಾರೂ ಮುಟ್ಟದ ಆರ್.ಸಿ.ಸಿ.ಬಿ. ಕೆಟ್ಟು ನಿಂತಿದ್ದರೂ ಗೊತ್ತಾಗುವುದಿಲ್ಲ.

ಸ್ವಿಚ್ ಬಿದ್ದಾಗ ಏನು ಮಾಡಬೇಕೆಂದು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಕಲಿಸಿ. ಮೊದಲು ಕೈ ಒಣಗಿರಬೇಕು, ಕಾಲಲ್ಲಿ ಚಪ್ಪಲಿಯಿರಬೇಕು. ಯಾವುದು ಬಿದ್ದಿದೆ ಎಂದು ನೋಡಬೇಕು. ಆ ಕಡೆಯ ಉಪಕರಣಗಳ ಪ್ಲಗ್ ತೆಗೆದು ಒಮ್ಮೆ ಮೇಲೆತ್ತಬೇಕು. ಮತ್ತೆ ಬಿದ್ದರೆ ಒತ್ತಾಯದಿಂದ ಎತ್ತಿ ಹಿಡಿಯಬಾರದು, ಟೇಪ್ ಅಂಟಿಸಬಾರದು. ಸುಟ್ಟ ವಾಸನೆಯಿದ್ದರೆ ಒಮ್ಮೆಯೂ ಎತ್ತಬಾರದು. ಯಾರಿಗಾದರೂ ಶಾಕ್ ಹೊಡೆಯುತ್ತಿದ್ದರೆ ಅವರನ್ನು ಮುಟ್ಟದೆ ಮೊದಲು ಮೈನ್ ಆರಿಸಬೇಕು. ಸಿಡಿಲು ಬರುವ ಲಕ್ಷಣ ಕಂಡರೆ ಮೊದಲೇ ಟಿ.ವಿ., ಫ್ರಿಜ್‌ಗಳ ಪ್ಲಗ್ ತೆಗೆದಿಡಬೇಕು, ಮೈನ್ ಆರಿಸುವುದೊಂದೇ ಸಿಡಿಲಿಗೆ ಸಾಲದು. ರಸ್ತೆಯಲ್ಲಿ ಲೈನ್ ಕಡಿದು ಬಿದ್ದಿದ್ದರೆ ಹತ್ತಿರ ಸುಳಿಯದೆ 1912ಕ್ಕೆ ಫೋನ್ ಮಾಡಬೇಕು.

ನಮ್ಮದು ಕಟ್ಟಿ ಮುಗಿದ ಮನೆ, ಅಥವಾ ಬಾಡಿಗೆ ಮನೆ, ನಾವೇನು ಮಾಡಲಿ ಎಂದು ಕೇಳುವವರಿದ್ದೀರಿ. ಬಾಕ್ಸನ್ನು ಕಿತ್ತು ಬೇರೆ ಕಡೆ ಇಡುವುದು ಸುಲಭವಲ್ಲ, ಎಲ್ಲ ಪೈಪುಗಳೂ ಅಲ್ಲಿಗೇ ಬಂದಿರುತ್ತವೆ. ಆದರೆ ಲೈಸೆನ್ಸ್ ಇರುವ ಗುತ್ತಿಗೆದಾರರಿಂದ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಬಹುದು. ಮೀಟರಿನಿಂದ ಬರುವ ಮುಖ್ಯ ವಯರ್ ಹೋಗುವ ದಾರಿಯಲ್ಲಿ, ಮನೆಯೊಳಗೆ ಕೈಗೆಟಕುವಂತೆ ಒಂದು ಮೈನ್ ಸ್ವಿಚ್ ಕೂರಿಸಲು ಸಾಧ್ಯವೇ ಎಂದು ಅವರನ್ನೇ ಕೇಳಬಹುದು. ಅದೂ ಆಗದಿದ್ದರೆ ಬೋರ್ಡಿನ ಕೆಳಗಿನ ಜಾಗ ಖಾಲಿ ಮಾಡಿ, ಅಲುಗಾಡದ ಮರದ ಸ್ಟೂಲೊಂದನ್ನು ಅಲ್ಲಿಯೇ ಕಾಯಂ ಇಡಿ. ಪಕ್ಕದಲ್ಲಿ ಒಂದು ಟಾರ್ಚ್ ಇರಲಿ. ಇದಕ್ಕೆ ಯಾರ ಅನುಮತಿಯೂ ಬೇಡ.

ಮನೆ ಅಲ್ಲಾಹನು ಕರುಣಿಸಿದ ದೊಡ್ಡ ಅನುಗ್ರಹ. ಅದಕ್ಕಾಗಿ ಎಷ್ಟೋ ಮಂದಿ ಮರಳುಗಾಡಿನ ಬಿಸಿಲಲ್ಲಿ ಯೌವನವನ್ನೇ ಸವೆಸಿದ್ದಾರೆ. ಆ ಮನೆಯೊಳಗಿರುವ ಜೀವಗಳು ನಮ್ಮ ಕೈಯಲ್ಲಿರುವ ಅಮಾನತ್. ಆದ್ದರಿಂದ ಸಹೋದರಿಯರೇ, ನಕ್ಷೆ ಬಿಡಿಸುವ ದಿನ ನೀವೂ ಮೇಜಿನ ಬಳಿ ಕುಳಿತುಕೊಳ್ಳಿ. ಅಡುಗೆಮನೆಯ ಕಪಾಟಿನ ಬಗ್ಗೆ ಮಾತ್ರ ಕೇಳಿ ಎದ್ದು ಬರಬೇಡಿ. ಡಿ.ಬಿ. ಎಲ್ಲಿ, ನೆಲದಿಂದ ಎಷ್ಟು ಅಡಿ, ಆ ಗೋಡೆಯ ಹಿಂದೆ ಏನಿದೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳಿ, ಉತ್ತರವನ್ನು ನಕ್ಷೆಯ ಮೇಲೆಯೇ ಬರೆಸಿಕೊಳ್ಳಿ. ಕೊನೆಗೆ ಅತ್ತೆಯನ್ನೋ ಉಮ್ಮನನ್ನೋ ಕರೆದು, ಅವರ ಕೈಗೆ ಒಂದು ತುಂಡು ಸೀಮೆಸುಣ್ಣ ಕೊಡಿ.